ಮನೆಯಲ್ಲೇ ಫೋಟೋ ಮುದ್ರಣ: ಪ್ರಿಂಟರ್‌ಗಿಂತ ಮೊದಲು ಕಾಗದ ನೋಡಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಯುವಜನರಿಗಾಗಿ ಏರ್ಪಡಿಸಿದ್ದ ಮಾಹಿತಿ ಶಿಬಿರದಲ್ಲಿ ನಮ್ಮ ಸಂಸ್ಥೆಯ ತರಬೇತಿ ವಿಭಾಗದಿಂದ ನೀಡಿದ ಉಪನ್ಯಾಸದ ಬರಹರೂಪ)



ಇಂದು ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಕ್ಯಾಮರಾ ಇರುವ ಮೊಬೈಲ್ ಇದೆ. ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಮದುವೆ, ಊರ ಹಬ್ಬ, ಸಂಘದ ವಾರ್ಷಿಕೋತ್ಸವ ಎಲ್ಲದರ ಫೋಟೋ ತೆಗೀತೀವಿ. ಸಾವಿರಗಟ್ಟಲೆ ಫೋಟೋ ಇರತ್ತೆ, ಕೈಯಲ್ಲಿ ಹಿಡಿದು ನೋಡೋಕೆ ಒಂದೂ ಇರಲ್ಲ. ಮೊಬೈಲ್ ನೀರಿಗೆ ಬಿದ್ದರೆ, ಕಳೆದುಹೋದರೆ, ಅದರ ಜೊತೆಗೇ ಎಲ್ಲವೂ ಹೋಯಿತು. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ ನಮಗೆ ಫೋಟೋದ ನೆನಪಾಗತ್ತೆ. ಯಾವುದೋ ಗುಂಪು ಚಿತ್ರದಿಂದ ಮುಖವನ್ನು ಕತ್ತರಿಸಿ ತೆಗೆದು ಆತುರಾತುರವಾಗಿ ಮುದ್ರಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀವಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬಣ್ಣ ಹಾರಿ, ಮುಖವೇ ಮಸುಕಾಗಿರುವುದನ್ನು ಬಹಳ ಮನೆಗಳಲ್ಲಿ ನೋಡುತ್ತೇವೆ.

ಇನ್ನೊಂದು ಕಡೆ, ನಮ್ಮ ಕೆಲವು ಸಂಘಗಳು ಆದಾಯೋತ್ಪನ್ನ ಚಟುವಟಿಕೆಯಾಗಿ ಫೋಟೋ ಮುದ್ರಣ ಶುರು ಮಾಡಬೇಕು ಅಂತ ಯೋಚಿಸುತ್ತಿವೆ. ಇದಕ್ಕೆ ಸಂಘದ ಸಾಲ ಬೇಕು. ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆ "ಯಾವ ಪ್ರಿಂಟರ್ ತಗೊಳ್ಳೋಣ?" ಅಂತ. "ಯಾವ ಕಾಗದ?" ಅಂತ ಕೇಳುವವರು ಕಡಿಮೆ. ಪ್ರಿಂಟರ್ ಒಂದು ಸಲ ಕೊಳ್ಳುವ ವಸ್ತು. ಕಾಗದ, ಶಾಯಿ ಪ್ರತಿ ತಿಂಗಳ ಖರ್ಚು. ಫೋಟೋ ಉಳಿಯುತ್ತದೋ ಅಳಿಯುತ್ತದೋ ಎಂಬುದು ಇವೆರಡರ ಜೋಡಿಯ ಮೇಲೇ ನಿಂತಿದೆ.

ಕಾಗದ ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳೋಣ. ಈ ಫೋಟೋ ಎಷ್ಟು ಕಾಲ ಉಳಿಯಬೇಕು? ಇದು ಎಲ್ಲಿ ಇರುತ್ತದೆ? ಇಂದಿನ ನಮ್ಮ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ.

1. ಶಾಯಿಯಲ್ಲಿ ಎರಡು ಜಾತಿ

ಮನೆಯಲ್ಲಿ ಬಳಸುವ ಬಹುತೇಕ ಬಣ್ಣದ ಪ್ರಿಂಟರ್‌ಗಳು ಇಂಕ್‌ಜೆಟ್. ಕೂದಲಿಗಿಂತಲೂ ಸಣ್ಣ ರಂಧ್ರಗಳಿಂದ ಶಾಯಿಯ ಹನಿಗಳನ್ನು ಕಾಗದದ ಮೇಲೆ ಚಿಮುಕಿಸುತ್ತವೆ. ಈ ಶಾಯಿಯಲ್ಲಿ ಎರಡು ವಿಧ ಇದೆ: ಡೈ ಮತ್ತು ಪಿಗ್ಮೆಂಟ್.

ಡೈ ಅಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ, ಬಟ್ಟೆಗೆ ಹಾಕುವ ಬಣ್ಣದ ಹಾಗೆ. ಹೊಳಪು ಚೆನ್ನಾಗಿರತ್ತೆ, ಬೆಲೆಯೂ ಕಡಿಮೆ. ಆದರೆ ಬಿಸಿಲು, ಗಾಳಿ, ತೇವ ಮೂರೂ ಇದಕ್ಕೆ ಶತ್ರುಗಳು. ಪಿಗ್ಮೆಂಟ್ ಅಂದರೆ ಕರಗದ ನುಣ್ಣನೆಯ ಪುಡಿ, ಗೋಡೆಗೆ ಬಳಿಯುವ ಕೆಮ್ಮಣ್ಣಿನ ಹಾಗೆ. ಹೊರಗಿನ ಪದರ ಸವೆದರೂ ಒಳಗಿನ ಬಣ್ಣ ಉಳಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಇದು ಡೈಗಿಂತ ಹೆಚ್ಚು ಕಾಲ ಬಾಳುತ್ತದೆ, ನೀರು ತಾಗಿದರೆ ಬೇಗ ಹರಡುವುದಿಲ್ಲ. ಬೆಲೆ ಮಾತ್ರ ಹೆಚ್ಚು.

ಈಗ ಹೆಚ್ಚು ಮಾರಾಟವಾಗುವ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಒಂದು ವಿಷಯ ಗಮನಿಸಬೇಕು. ಹಲವು ಮಾಡೆಲ್‌ಗಳಲ್ಲಿ ಕಪ್ಪು ಶಾಯಿ ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಆ ಕಪ್ಪು ಶಾಯಿ ಸಾದಾ ಕಾಗದದ ಮೇಲೆ ಅಕ್ಷರ ಬರೆಯುವುದಕ್ಕೆ ಮಾಡಿದ್ದು. ಹೊಳಪಿನ ಫೋಟೋ ಕಾಗದದ ಮೇಲೆ ಅದು ಕೂರುವುದಿಲ್ಲ, ಬೆರಳಿಗೆ ಹತ್ತಿಕೊಳ್ಳುತ್ತದೆ. ಮುದ್ರಿಸುವಾಗ ಕಂಪ್ಯೂಟರಿನಲ್ಲಿ ಕಾಗದದ ವಿಧವನ್ನು "ಫೋಟೋ ಗ್ಲಾಸಿ" ಎಂದು ಆರಿಸಿದರೆ ಇಂಥ ಪ್ರಿಂಟರ್ ಕಪ್ಪು ಶಾಯಿ ಬಿಟ್ಟು, ಮೂರು ಬಣ್ಣ ಸೇರಿಸಿ ಕಪ್ಪನ್ನು ಮಾಡಿಕೊಳ್ಳುತ್ತದೆ. "ಸಾದಾ ಕಾಗದ" ಅಂತಲೇ ಬಿಟ್ಟರೆ ಒಳ್ಳೆಯ ಕಾಗದವೂ ಹಾಳು. "ಕಾಗದ ಸರಿ ಇಲ್ಲ" ಅಂತ ಅಂಗಡಿಯವನನ್ನು ಬೈಯುವ ಮೊದಲು ಇದನ್ನು ನೋಡಿಕೊಳ್ಳಿ.

2. ಕಾಗದದಲ್ಲಿ ಎಷ್ಟು ವಿಧ?

ಸಾದಾ ಜೆರಾಕ್ಸ್ ಕಾಗದದ ಮೇಲೆ ಶಾಯಿ ನಾರುಗಳ ಉದ್ದಕ್ಕೂ ಹರಿದುಬಿಡುತ್ತದೆ. ಚಿತ್ರ ಮಂಕಾಗತ್ತೆ. ಫೋಟೋ ಕಾಗದದ ಮೇಲೆ ಶಾಯಿಯನ್ನು ಹಿಡಿದಿಡುವ ಒಂದು ಲೇಪ ಇರುತ್ತದೆ. ನಾವು ದುಡ್ಡು ಕೊಡುವುದು ಆ ಲೇಪಕ್ಕೆ. ಹಾಗಾಗಿ ಬರೀ ದಪ್ಪ ನೋಡಿ ಮೋಸ ಹೋಗಬಾರದು. ಪ್ಯಾಕೆಟ್ ಮೇಲೆ ಬರೆದಿರುವ ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂದಷ್ಟೇ ಅರ್ಥ. ಅದು ಗುಣಮಟ್ಟದ ಗುರುತಲ್ಲ.

ಅ) ಅಗ್ಗದ ಗ್ಲಾಸಿ ಕಾಗದ: ಸಾಮಾನ್ಯವಾಗಿ 130ರಿಂದ 180 ಜಿಎಸ್‌ಎಂ ಒಳಗೆ ಸಿಗುವಂಥದ್ದು. ಒಳಗೆ ಸಾದಾ ಕಾಗದ, ಮೇಲೆ ಹೊಳಪು ಲೇಪ. ಹಿಂಬದಿ ಬರೀ ಕಾಗದವಾದ್ದರಿಂದ ತೇವ ಕುಡಿಯುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ, ಅಂಟು ಹಚ್ಚಿದರೆ ಸುಕ್ಕಾಗುತ್ತದೆ. ಶಾಲೆಯ ಪ್ರಾಜೆಕ್ಟ್, ಸಂಘದ ವರದಿ, ಭಿತ್ತಿಪತ್ರಕ್ಕೆ ಧಾರಾಳ ಸಾಕು. ಮನೆಯ ಹಿರಿಯರ ಫೋಟೋಗೆ ಬೇಡ.

ಆ) ಆರ್‌ಸಿ ಫೋಟೋ ಕಾಗದ: ಇದರಲ್ಲಿ ಒಳಗಿನ ಕಾಗದಕ್ಕೆ ಎರಡೂ ಬದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಸ್ಟುಡಿಯೋ ಫೋಟೋ ಹಿಡಿದ ಹಾಗೇ ಅನಿಸತ್ತೆ. ಒಂದು ಮೂಲೆಯನ್ನು ಹರಿದು ನೋಡಿದರೆ ಪ್ಲಾಸ್ಟಿಕ್ ಎಳೆ ಎದ್ದು ಬರುತ್ತದೆ, ಹಿಂಬದಿಯೂ ನುಣ್ಣಗಿರುತ್ತದೆ. 240ರಿಂದ 270 ಜಿಎಸ್‌ಎಂನಲ್ಲಿ ಸುಲಭವಾಗಿ ಸಿಗುತ್ತದೆ. ಸುರುಳಿ ಕಡಿಮೆ, ಒಣಗುವುದು ಬೇಗ. ಆಲ್ಬಂಗೆ, ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಇದೇ ಸೂಕ್ತ.

ಇದರ ಲೇಪದಲ್ಲೂ ಎರಡು ತರ. ಈಗ ಹೆಚ್ಚಾಗಿ ಸಿಗುವುದು ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುವ ಲೇಪ. ಶಾಯಿ ಕ್ಷಣದಲ್ಲಿ ಹೀರಿಕೊಂಡು ಒಣಗಿದಂತಾಗುತ್ತದೆ. ಆದರೆ ಅದೇ ರಂಧ್ರಗಳ ಮೂಲಕ ಗಾಳಿಯೂ ಬಣ್ಣವನ್ನು ಮುಟ್ಟುತ್ತದೆ. ಗಾಳಿಯಲ್ಲಿರುವ ಓಜೋನ್ ಅನಿಲ ಡೈ ಬಣ್ಣವನ್ನು ತಿಂದುಹಾಕುತ್ತದೆ. 2000ನೇ ಇಸವಿಯಲ್ಲಿ ಎಪ್ಸನ್ ಕಂಪನಿಯ ಸ್ಟೈಲಸ್ ಫೋಟೋ 870 ಮತ್ತು 1270 ಪ್ರಿಂಟರ್‌ಗಳಲ್ಲಿ ತೆಗೆದ ಫೋಟೋಗಳು ಕೆಲವರ ಮನೆಯಲ್ಲಿ ಕೆಲವೇ ದಿನ, ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ ದೊಡ್ಡ ಸುದ್ದಿಯಾಗಿತ್ತು. ಬಿಸಿಲೇ ಬೀಳದ ಕಡೆ ಇಟ್ಟಿದ್ದರೂ ಹೀಗಾಗಿತ್ತು. ಆಮೇಲೆ ಶಾಯಿ, ಕಾಗದ ಎರಡೂ ಸುಧಾರಿಸಿವೆ. ಆದರೂ ಪಾಠ ಉಳಿದಿದೆ: ಡೈ ಶಾಯಿಯ ಫೋಟೋವನ್ನು ಗಾಳಿಗೆ ತೆರೆದಿಡಬಾರದು. ಗಾಜಿನ ಹಿಂದೆ ಅಥವಾ ಆಲ್ಬಂ ಒಳಗೆ ಇಡಬೇಕು. ಇನ್ನೊಂದು ತರದ ಲೇಪ ಶಾಯಿ ತಾಗಿದಾಗ ಉಬ್ಬಿ ಬಣ್ಣವನ್ನು ಒಳಗೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಗಾಳಿಯ ಕಾಟ ಕಡಿಮೆ, ಆದರೆ ಒಣಗುವುದು ನಿಧಾನ, ನೀರು ತಾಗಿದರೆ ಕೆಡುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಇದು ಹೊಂದುವುದಿಲ್ಲ.

ಇ) ಮ್ಯಾಟ್ ಕಾಗದ: ಹೊಳಪಿಲ್ಲದ್ದು. ಬೆರಳಿನ ಗುರುತು ಕಾಣುವುದಿಲ್ಲ, ಬೆಳಕು ಪ್ರತಿಫಲಿಸುವುದಿಲ್ಲ, ಗಾಜಿಗೆ ಅಂಟಿಕೊಳ್ಳುವ ಅಪಾಯವೂ ಕಡಿಮೆ. ಪಿಗ್ಮೆಂಟ್ ಶಾಯಿಗೆ ಒಳ್ಳೆಯ ಜೋಡಿ. ಕಟ್ಟು ಹಾಕಿಸುವ ಫೋಟೋಗೆ ಒಳ್ಳೆಯದು. ಹತ್ತಿಯ ನಾರಿನಿಂದ ಮಾಡಿದ ದಪ್ಪ ಮ್ಯಾಟ್ ಕಾಗದವೂ ಇದೆ. ಆಮ್ಲದ ಅಂಶವಿಲ್ಲದ ಈ ಕಾಗದ ಬೇಗ ಹಳದಿಯಾಗುವುದಿಲ್ಲ. ದುಬಾರಿ. ಮನೆಗೊಂದು ಅಪರೂಪದ ಚಿತ್ರಕ್ಕೆ ಸಾಕು. ಕಣ್ಣು ಕೋರೈಸುವ ನೀಲಿಮಿಶ್ರಿತ ಬಿಳಿಯ ಕಾಗದಗಳಲ್ಲಿ ಹೊಳಪಿಗಾಗಿ ರಾಸಾಯನಿಕ ಸೇರಿಸಿರುತ್ತಾರೆ. ಬೆಳಕಿಗೆ ಆ ಹೊಳಪು ಕ್ರಮೇಣ ಇಳಿದು ಕಾಗದ ಹಳದಿಯಾಗಿ ಕಾಣುತ್ತದೆ. ಬಹುಕಾಲ ಇರಬೇಕಾದ ಫೋಟೋಗೆ ಸ್ವಲ್ಪ ಕೆನೆ ಬಣ್ಣದ ಕಾಗದವೇ ಲೇಸು.

ಈ) ಡೈ ಸಬ್ಲಿಮೇಷನ್ ಹಾಳೆ: ಇದಕ್ಕೆ ಬೇರೆಯದೇ ಪ್ರಿಂಟರ್ ಬೇಕು, ಕ್ಯಾನನ್ ಸೆಲ್ಫಿ ತರದ್ದು. ಇದರಲ್ಲಿ ದ್ರವ ಶಾಯಿ ಇಲ್ಲ. ಬಣ್ಣದ ರಿಬ್ಬನ್ ಬಿಸಿಯಾಗಿ ಹಳದಿ, ಕೆಂಪು, ನೀಲಿ ಒಂದಾದ ಮೇಲೊಂದು ಕಾಗದಕ್ಕೆ ಇಳಿಯುತ್ತವೆ. ನಾಲ್ಕನೇ ಸಲ ಮೇಲೊಂದು ಪಾರದರ್ಶಕ ರಕ್ಷಣಾ ಪದರ ಕೂರುತ್ತದೆ. ಕೈಗೆ ಬರುವಾಗಲೇ ಒಣಗಿರುತ್ತದೆ. ಬೆರಳು, ನೀರಹನಿ ತಾಗಿದರೆ ಒರೆಸಿದರಾಯಿತು. ಕಾಗದ ಮತ್ತು ರಿಬ್ಬನ್ ಜೊತೆಯಾಗಿಯೇ ಬರುವುದರಿಂದ ಒಂದು ಫೋಟೋಗೆ ಎಷ್ಟು ಖರ್ಚು ಎಂಬುದು ಮೊದಲೇ ಗೊತ್ತು. ಇಂಕ್‌ಜೆಟ್ ಪ್ರಿಂಟರನ್ನು ಒಂದೆರಡು ತಿಂಗಳು ಮುಟ್ಟದೇ ಇಟ್ಟರೆ ಶಾಯಿ ಒಣಗಿ ರಂಧ್ರ ಕಟ್ಟಿಕೊಳ್ಳತ್ತೆ. ಇದಕ್ಕೆ ಆ ತೊಂದರೆ ಇಲ್ಲ. ಅಪರೂಪಕ್ಕೆ ಮುದ್ರಿಸುವ ಮನೆಗೆ ಅನುಕೂಲ. ಆದರೆ ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 4×6 ಇಂಚಿಗಿಂತ ದೊಡ್ಡದು ಬರುವುದಿಲ್ಲ.

ಒಂದು ಎಚ್ಚರಿಕೆ: ಇಂಕ್‌ಜೆಟ್ ಫೋಟೋ ಕಾಗದವನ್ನು ಲೇಸರ್ ಪ್ರಿಂಟರಿಗೆ ಯಾವ ಕಾರಣಕ್ಕೂ ಹಾಕಬೇಡಿ. ಲೇಸರ್ ಯಂತ್ರದ ಒಳಗೆ ಕಾಗದ ಬಿಸಿ ರೋಲರ್ ನಡುವೆ ಹಾಯುತ್ತದೆ. ಲೇಪ ಕರಗಿ ರೋಲರಿಗೆ ಮೆತ್ತಿಕೊಂಡರೆ ರಿಪೇರಿಗೆ ದೊಡ್ಡ ಖರ್ಚು.

3. "100 ವರ್ಷ ಬಾಳುತ್ತದೆ" ಎಂಬ ಮಾತು

ಕೆಲವು ಪ್ಯಾಕೆಟ್‌ಗಳ ಮೇಲೆ ಹೀಗೆ ಬರೆದಿರುತ್ತದೆ. ಸುಳ್ಳು ಅಂತ ನಾವು ಹೇಳುತ್ತಿಲ್ಲ. ಆದರೆ ಯಾವ ಲೆಕ್ಕದಲ್ಲಿ ಅಂತ ತಿಳಿಯಬೇಕು. ಅಮೆರಿಕದ ಹೆನ್ರಿ ವಿಲ್ಹೆಲ್ಮ್ ಎಂಬುವರು ಬಣ್ಣದ ಫೋಟೋಗಳ ಬಾಳಿಕೆಯ ಬಗ್ಗೆ ದಶಕಗಟ್ಟಲೆ ಅಧ್ಯಯನ ಮಾಡಿ, 1993ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರ ಸಂಸ್ಥೆಯ ಬಾಳಿಕೆ ಲೆಕ್ಕದಲ್ಲಿ ಫೋಟೋ ಗಾಜಿನ ಹಿಂದೆ ಇರುತ್ತದೆ, ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು ಬೀಳುತ್ತದೆ ಎಂದು ಇಟ್ಟುಕೊಂಡಿರುತ್ತಾರೆ. ಲಕ್ಸ್ ಎಂದರೆ ಬೆಳಕಿನ ಅಳತೆ. 450 ಅಂದರೆ ಬೆಳಕು ಚೆನ್ನಾಗಿರುವ ಕೋಣೆ. ನಮ್ಮ ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್! ಜಗಲಿಯಲ್ಲಿ ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ 100 ವರ್ಷದ ಮಾತು ಎಲ್ಲಿಂದ ಬಂತು?

ಅಷ್ಟೇ ಅಲ್ಲ, ಆ ಲೆಕ್ಕ ಕಂಪನಿಯದೇ ಶಾಯಿ, ನಿರ್ದಿಷ್ಟ ಕಾಗದ ಎರಡೂ ಸೇರಿದಾಗ ಮಾತ್ರ. ಬೇರೆ ಶಾಯಿ ತುಂಬಿಸಿದರೆ ಆ ಭರವಸೆ ಅಲ್ಲಿಗೇ ಮುಗಿಯಿತು. ಅಗ್ಗದ ಶಾಯಿ ತಪ್ಪೇನಲ್ಲ. ಆರು ತಿಂಗಳು ಬೇಕಾಗುವ ವಸ್ತುವಿಗೆ ಅದು ಸಾಕು. ಮುಂದಿನ ತಲೆಮಾರು ನೋಡಬೇಕಾದ ಫೋಟೋಗೆ ಸಾಲದು.

4. ಯಾವುದಕ್ಕೆ ಯಾವುದು?

- ಅರ್ಜಿ, ಗುರುತಿನ ಚೀಟಿಗೆ: ಆರ್‌ಸಿ ಕಾಗದ. 3.5×4.5 ಸೆಂಟಿಮೀಟರ್ ಅಳತೆಯ ಫೋಟೋ ಒಂದು 4×6 ಹಾಳೆಯಲ್ಲಿ 8 ಹಿಡಿಯುತ್ತದೆ.
- ಆಲ್ಬಂಗೆ: ಆರ್‌ಸಿ ಕಾಗದ ಮತ್ತು ಕಂಪನಿಯ ಶಾಯಿ, ಇಲ್ಲವೇ ಡೈ ಸಬ್ಲಿಮೇಷನ್.
- ಗೋಡೆಯ ಕಟ್ಟಿಗೆ: ಮ್ಯಾಟ್ ಕಾಗದ ಮತ್ತು ಪಿಗ್ಮೆಂಟ್ ಶಾಯಿ.
- ವರದಿ, ಪ್ರದರ್ಶನ, ಮಕ್ಕಳ ಪ್ರಾಜೆಕ್ಟಿಗೆ: ಅಗ್ಗದ ಗ್ಲಾಸಿ ಅಥವಾ ತೆಳು ಮ್ಯಾಟ್.
- ಮದುವೆಯ ನೂರಾರು ಫೋಟೋಗೆ: ಮನೆಯ ಪ್ರಿಂಟರ್ ಬಿಡಿ, ಪಟ್ಟಣದ ಕಲರ್ ಲ್ಯಾಬಿಗೆ ಕೊಡಿ. ಅಲ್ಲಿ ಬೆಳಕು ಮತ್ತು ರಾಸಾಯನಿಕದಿಂದ ತಯಾರಾಗುವ ಫೋಟೋ ಬಾಳಿಕೆಯಲ್ಲೂ ಕಡಿಮೆಯಿಲ್ಲ, ಸಂಖ್ಯೆ ಹೆಚ್ಚಿದ್ದಾಗ ಸಾಮಾನ್ಯವಾಗಿ ಅಗ್ಗವೂ ಹೌದು.

ಫೋಟೋದ ಮೂಲ ಫೈಲನ್ನೂ ನೋಡಿ. 4×6 ಇಂಚಿನ ಒಳ್ಳೆಯ ಮುದ್ರಣಕ್ಕೆ ಸುಮಾರು 1200×1800 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ. 4×6ಗೆ ನಡೆಯುತ್ತದೆ, ಎ4 ಅಳತೆಗೆ ಹಿಗ್ಗಿಸಿದರೆ ಮಸುಕಾಗುತ್ತದೆ. ಕಳಿಸುವವರಿಗೆ "ಡಾಕ್ಯುಮೆಂಟ್ ಆಗಿ ಕಳಿಸಿ" ಅಂತ ಹೇಳಿ. ಮೂಲವೇ ಕುಗ್ಗಿದ್ದರೆ ಎಷ್ಟು ಒಳ್ಳೆಯ ಕಾಗದ ಹಾಕಿದರೂ ಪ್ರಯೋಜನವಿಲ್ಲ.

5. ಸಾಲ ತೆಗೆಯುವ ಮೊದಲು ಲೆಕ್ಕ

ಸಂಘದ ಹಣ ಎಂದರೆ ಒಬ್ಬೊಬ್ಬರೂ ವಾರವಾರ ಕೂಡಿಸಿದ ಹಣ. ಲೆಕ್ಕ ಹಾಕದೆ ಕೈ ಹಾಕಬಾರದು. ಒಂದು ಉದಾಹರಣೆ ನೋಡೋಣ. ಇದು ತಿಳಿಯಲಿಕ್ಕಾಗಿ ಮಾತ್ರ, ಅಂಗಡಿಯ ದರವನ್ನು ನೀವೇ ವಿಚಾರಿಸಿ. 4×6 ಅಳತೆಯ 100 ಹಾಳೆಗೆ 700 ರೂಪಾಯಿ, ಅಷ್ಟಕ್ಕೂ ಶಾಯಿ 300 ರೂಪಾಯಿ ಅಂದುಕೊಳ್ಳಿ. ಒಟ್ಟು 1000. ಹಾಳೆಗೆ 10 ರೂಪಾಯಿ ಅಂತ ಕಾಣತ್ತೆ. ಆದರೆ ಕಲಿಯುವಾಗ 100ರಲ್ಲಿ 10 ಹಾಳೆ ಹಾಳಾಗುವುದು ಸಹಜ. ಆಗ 90ಕ್ಕೆ 1000, ಅಂದರೆ ಒಂದಕ್ಕೆ 11 ರೂಪಾಯಿ ಮೇಲಾಯಿತು. ಪ್ರಿಂಟರಿಗೆ 15,000 ರೂಪಾಯಿ ಕೊಟ್ಟು ಅದರಿಂದ 3,000 ಫೋಟೋ ತೆಗೆದರೆ ಒಂದೊಂದರ ಮೇಲೆ ಇನ್ನೂ 5 ರೂಪಾಯಿ. ಅಲ್ಲಿಗೆ 16 ರೂಪಾಯಿ ದಾಟಿತು. ಕರೆಂಟು, ಸಾಲದ ಬಡ್ಡಿ, ನಿಮ್ಮ ದುಡಿಮೆ ಇನ್ನೂ ಸೇರಿಲ್ಲ. ಹತ್ತಿರದ ಲ್ಯಾಬಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುವುದಾದರೆ 4×6 ಫೋಟೋ ಮಾರಿ ಲಾಭ ಬರುವುದಿಲ್ಲ. ಅದೇ ಒಂದು ಹಾಳೆಯಲ್ಲಿ 8 ಪಾಸ್‌ಪೋರ್ಟ್ ಅಳತೆಯ ಫೋಟೋ ಮಾಡಿ ಕೊಟ್ಟರೆ ಲೆಕ್ಕ ಬೇರೆ. ಪಟ್ಟಣ ದೂರವಿದ್ದು, ಒಂದು ಫೋಟೋಗಾಗಿ ಬಸ್ ಚಾರ್ಜ್, ಅರ್ಧ ದಿನದ ಕೂಲಿ ಕಳೆದುಕೊಳ್ಳುವ ಊರುಗಳಲ್ಲಿ ಈ ಕೆಲಸ ನಿಜವಾಗಿ ಜನರಿಗೂ ಸಹಾಯ, ಸಂಘಕ್ಕೂ ಆದಾಯ.

6. ಮುದ್ರಿಸಿದ ಮೇಲೆ

- ಲೇಪ ಇರುವ ಬದಿ ಯಾವುದು ಅಂತ ಗೊತ್ತಾಗದಿದ್ದರೆ ಒದ್ದೆ ಬೆರಳಿನಿಂದ ಮೂಲೆ ಮುಟ್ಟಿ. ತುಸು ಅಂಟುವ ಬದಿಯೇ ಮುದ್ರಿಸುವ ಬದಿ.
- ತೆರೆದ ಪ್ಯಾಕೆಟ್ಟನ್ನು ಹಾಗೇ ಬಿಡಬೇಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.
- ಇಂಕ್‌ಜೆಟ್ ಫೋಟೋ ಮುಟ್ಟಿದಾಗ ಒಣಗಿದಂತಿದ್ದರೂ ಒಳಗೆ ತೇವ ಇರತ್ತೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಕಟ್ಟು ಅಥವಾ ಲ್ಯಾಮಿನೇಷನ್ ಮಾಡಿಸಿ. ಒಂದೇ ಪ್ರತಿ ಇರುವ ಹಳೆಯ ಫೋಟೋಗೆ ಮಾತ್ರ ಲ್ಯಾಮಿನೇಷನ್ ಬೇಡ. ಮತ್ತೆ ಬಿಡಿಸಲು ಆಗುವುದಿಲ್ಲ.
- ಕಟ್ಟು ಹಾಕಿಸುವಾಗ ಫೋಟೋ ಮತ್ತು ಗಾಜಿನ ನಡುವೆ ರಟ್ಟಿನ ಚೌಕಟ್ಟು ಕೊಡಿಸಿ. ಇಲ್ಲದಿದ್ದರೆ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡು, ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ.
- ಅಡುಗೆಮನೆಯ ಹೊಗೆ, ಮೇಣದಬತ್ತಿ, ಊದುಬತ್ತಿಯ ಮಸಿ ತಾಗುವ ಜಾಗ ಬೇಡ. ದೇವರ ಪೀಠದ ಪಕ್ಕ ಇಡುವುದಾದರೆ ಗಾಜಿನ ಕಟ್ಟು ಕಡ್ಡಾಯ.
- ಅಂಟು ಹಾಳೆಯ ಆಲ್ಬಂ, ವಾಸನೆ ಬರುವ ಪಿವಿಸಿ ಕವರು ಫೋಟೋವನ್ನು ಕೆಡಿಸುತ್ತವೆ. ಪಾಲಿಪ್ರೊಪಿಲೀನ್ ಕವರಿನ ಆಲ್ಬಂ ಕೇಳಿ ತಗೊಳ್ಳಿ.
- ಫೋಟೋ ಹಿಂದೆ ಹೆಸರು, ಊರು, ಇಸವಿ ಬರೆಯಿರಿ. ಬಾಲ್‌ಪೆನ್ ಒತ್ತಿ ಬರೆದರೆ ಮುಂದೆ ಗುರುತು ಮೂಡುತ್ತದೆ. ಮೆದು ಪೆನ್ಸಿಲ್, ಪ್ಲಾಸ್ಟಿಕ್ ಬೆನ್ನಿನ ಕಾಗದಕ್ಕೆ ಬೇಗ ಒಣಗುವ ಮಾರ್ಕರ್ ಬಳಸಿ.

7. ನೀವೇ ಪರೀಕ್ಷಿಸಿ

ಅಂಗಡಿಯವರ ಮಾತು, ನಮ್ಮ ಮಾತು ಎರಡನ್ನೂ ಸುಮ್ಮನೆ ನಂಬಬೇಡಿ. ಒಂದೇ ಫೋಟೋವನ್ನು ನಿಮಗೆ ಸಿಗುವ ಎರಡು ಮೂರು ಕಾಗದಗಳ ಮೇಲೆ ಮುದ್ರಿಸಿ. ಹಿಂದೆ ಕಾಗದದ ಹೆಸರು, ಶಾಯಿ, ತಾರೀಕು ಬರೆಯಿರಿ. ಪ್ರತಿಯೊಂದರ ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಎರಡು ತಿಂಗಳ ನಂತರ ರಟ್ಟು ತೆಗೆದು ನೋಡಿ. ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಯಾವುದರಲ್ಲಿ ವ್ಯತ್ಯಾಸ ಕಡಿಮೆಯೋ ಆ ಜೋಡಿಯೇ ನಿಮ್ಮದು. ಸಾಲದ ಅರ್ಜಿ ತರುವ ಸಂಘಗಳು ಈ ಪರೀಕ್ಷೆಯ ಹಾಳೆಗಳನ್ನೂ ಜೊತೆಗೆ ತರಬೇಕೆಂದು ನಮ್ಮ ಕೋರಿಕೆ.

ಕೊನೆಯ ಮಾತು

ನವೆಂಬರ್ 2ರಂದು ಮೃತರ ಸ್ಮರಣೆಗಾಗಿ ಸಮಾಧಿ ಸ್ಥಳಕ್ಕೆ ಹೋಗುತ್ತೇವೆ, ಮೇಣದಬತ್ತಿ ಹಚ್ಚುತ್ತೇವೆ. ಅಗಲಿದವರ ಮುಖ ಮೊಮ್ಮಕ್ಕಳಿಗೆ ಗೊತ್ತಿರಬೇಕಾದರೆ ಮನೆಯಲ್ಲಿ ಒಂದು ಒಳ್ಳೆಯ ಫೋಟೋ ಇರಬೇಕು. ನಾಳೆ ನಿಮ್ಮ ಸಂಘದ ಬಾಗಿಲಿಗೆ ಒಬ್ಬ ತಾಯಿ ತೀರಿಕೊಂಡ ಮಗನ ಒಂದೇ ಒಂದು ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ಬರಬಹುದು. ಆಕೆಗೆ ಜಿಎಸ್‌ಎಂ ಗೊತ್ತಿಲ್ಲ, ಡೈ, ಪಿಗ್ಮೆಂಟ್ ಗೊತ್ತಿಲ್ಲ. ನಿಮ್ಮನ್ನು ನಂಬಿ ಬಂದಿದ್ದಾಳೆ. ನಾಲ್ಕು ರೂಪಾಯಿ ಉಳಿಸಲು ಅಗ್ಗದ ಹಾಳೆಯಲ್ಲಿ ಮುದ್ರಿಸಿ ಕೊಟ್ಟರೆ ಇವತ್ತು ಆಕೆಗೆ ತಿಳಿಯುವುದಿಲ್ಲ. ಎರಡು ವರ್ಷದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಆ ಮೊಬೈಲ್ ಇರುತ್ತದೋ ಇಲ್ಲವೋ. ಆದ್ದರಿಂದ ಎರಡು ಬಗೆಯ ಕಾಗದವನ್ನೂ ಆಕೆಯ ಮುಂದಿಡಿ, ಯಾವುದು ಎಷ್ಟು ಬಾಳುತ್ತದೆ, ದರ ಎಷ್ಟು ಎಂದು ಬಿಡಿಸಿ ಹೇಳಿ. ಮೂಲ ಫೈಲನ್ನು ಆಕೆಯ ಮನೆಯವರೊಬ್ಬರ ಮೊಬೈಲಿಗೂ ಕಳಿಸಿ ಕೊಡಿ. ಇದಕ್ಕೆ ಖರ್ಚೇನೂ ಇಲ್ಲ.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮೊಬೈಲಿನಿಂದ ಐದೇ ಐದು ಫೋಟೋ ಆರಿಸಿ. ಮನೆಯ ಹಿರಿಯರದ್ದು ಒಂದಾದರೂ ಅದರಲ್ಲಿ ಇರಲಿ. ಅವರು ನಮ್ಮ ನಡುವೆ ಇರುವಾಗಲೇ ಒಳ್ಳೆಯ ಕಾಗದದಲ್ಲಿ ಮುದ್ರಿಸಿ ಅವರ ಕೈಗೆ ಕೊಡಿ.